ಬಿಸಿಲಿಗೆ ಕಾಯದ ಸಮುದ್ರ

ಕ್ರೋಯ್ಡನ್ನಿನ ಫ್ಲ್ಯಾಟಿನಲ್ಲಿ ರಾಮಪ್ರಸಾದರು ತೀರಿಕೊಂಡು ಒಂಬತ್ತು ದಿನವಾಗಿತ್ತು. ಅಸ್ಥಿಯ ಡಬ್ಬಿ ಬಿಳಿ ಬಟ್ಟೆಯೊಳಗೆ ಬಾಲ್ಕನಿಯ ಮೂಲೆಯಲ್ಲಿ ಕೂತಿತ್ತು. ಪರದೇಶದಲ್ಲಿ ಸತ್ತರೆ ಇದೇ ಪೀಕಲಾಟ. ಅಸ್ಥಿ ಎಲ್ಲಿ ಬಿಡಬೇಕು, ಮಂತ್ರ ಹೇಳುವವರು ಯಾರು, ಮಗನಿಗೆ ರಜೆ ಯಾವತ್ತು? ಕೂತು ಅಳುವುದಕ್ಕೂ ಪುರುಸೊತ್ತು ಸಿಗುವುದಿಲ್ಲ.

ರಾಮಪ್ರಸಾದರ ಹೆಂಡತಿ ಕೃಷ್ಣವೇಣಿಗೆ ಆ ಚಿಂತೆ ತಪ್ಪಿಸಿದವರು ಅವಳ ಅಣ್ಣ ವೇಣುಗೋಪಾಲರು. ಸುದ್ದಿ ಕೇಳಿದ್ದೇ ಧಾರವಾಡದಿಂದ ಓಡಿ ಬಂದ ಜೀವ. ಒಳ್ಳೆಯವರೇ, ಆದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ.

"ನಾಳೆ ಬ್ರೈಟನ್ ಸಮುದ್ರಕ್ಕ ಹೋಗೂದು," ಎಂದರು. "ಮಯೂರ ಎದಿಮಟಾ ನೀರಾಗ ನಿಂತು ಅಸ್ಥಿ ಬಿಡಬೇಕು. ಆಮ್ಯಾಲೆ ಮೂರು ಮುಳುಗು ಹಾಕಬೇಕು. ನಾ ಬಾಜೂಕ ನಿಂತು ಮಂತ್ರ ಹೇಳ್ತೀನಿ."

"ನೀರು ಭಾಳ ಥಂಡ ಇರ್ತದೇನೋ ಅಣ್ಣಾ."

"ಹೊರಗ ಬಿಸಲು ನೋಡು, ಹೆಂಗ ಬಿದ್ದದ! ಮೇ ತಿಂಗಳು. ಇಂಥಾ ಬಿಸಲಾಗ ನಮ್ಮ ಕಡೆ ಕೆರಿ ನೀರು ಉಗುರುಬೆಚ್ಚಗ ಇರ್ತದ."

ಇಪ್ಪತ್ತೆರಡರ ಮಗ ಮಯೂರ್ ಶಾಲೆಗೆ ಹೋಗುವಾಗಿನಿಂದ ಕೌನ್ಸಿಲ್ಲಿನ ಈಜುಕೊಳದಲ್ಲಿ ಈಜಿದವನು. "ಡೋಂಟ್ ವರಿ ಅಮ್ಮಾ. ಐ ಸ್ವಿಮ್ ಎವ್ರಿ ವೀಕ್," ಎಂದ.

ಕೃಷ್ಣವೇಣಿ ಮಗನ ಮುಖ ನೋಡಿದಳು. ಗಂಡ ಹೋದಂದಿನಿಂದ ಮಗ ಮನೆಗೆ ಬರುವುದು ಹತ್ತು ನಿಮಿಷ ತಡವಾದರೂ ಲಿಫ್ಟಿನ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದಳು. ಉಳಿದವನು ಅವನೊಬ್ಬನೇ. ಆದರೆ ಶಾಸ್ತ್ರಕ್ಕೆ ಅಡ್ಡ ಮಾತಾಡಿದರೆ ಗಂಡನಿಗೆ ದ್ರೋಹ ಮಾಡಿದಂತಾದೀತೆಂಬ ಅಳುಕು.

ಅಷ್ಟರಲ್ಲಿ ಮೇಲಿನ ಮಹಡಿಯ ವೈದೇಹಿ ಊಟದ ಡಬ್ಬಿ ತಂದರು. ಮೈಸೂರಿನವರು, ಇಲ್ಲಿನ ಶಾಲೆಯಲ್ಲಿ ವಿಜ್ಞಾನದ ಟೀಚರ್. ಎದೆಮಟ್ಟದ ನೀರಿನ ಮಾತು ಕಿವಿಗೆ ಬಿದ್ದಿದ್ದೇ ಡಬ್ಬಿ ಮೇಜಿನ ಮೇಲಿಟ್ಟು ಕೂತುಬಿಟ್ಟರು.

"ಬೇಡಿ ಅಣ್ಣ. ಈ ಸಮುದ್ರಕ್ಕೆ ಈಗ ಇಳೀಬೇಡಿ."

"ಯಾಕ್ರೀ? ಇಷ್ಟು ಬಿಸಲದ."

"ದೋಸೆ ಹಂಚು ಕಾಯೋಕೆ ಎಷ್ಟು ಹೊತ್ತು ಬೇಕು?"

"ಎರಡು ಮಿನಿಟು."

"ಸ್ನಾನದ ಹಂಡೆ?"

"ತಾಸಾದರೂ ಬೇಕು."

"ನೆಲ ಆ ದೋಸೆ ಹಂಚಿನ ಥರ. ಬಿಸಿಲು ಬಿದ್ದ ಕೂಡ್ಲೇ ಕಾಯುತ್ತೆ. ನೀರು ಹಾಗಲ್ಲ, ಕಾಯೋಕೆ ತುಂಬಾ ಶಾಖ ಕುಡಿಯುತ್ತೆ. ಹಂಡೆಗಾದ್ರೂ ಉರಿ ಕೆಳಗಿರುತ್ತೆ, ಸಮುದ್ರಕ್ಕೆ ಮೇಲಿಂದ. ಬಿಸಿಲಿನ ಶಾಖ ಮೇಲ್ಮೇಲೆ ಸಿಗುತ್ತೆ, ಗಾಳಿ ಅಲೆ ಅದನ್ನ ಕೆಳಗಿನ ತಣ್ಣೀರಿಗೆ ಕಲಸಿಬಿಡುತ್ತೆ. ಚಳಿಗಾಲದ ತಂಡಿ ಅದರೊಳಗೆ ಇನ್ನೂ ಹಾಗೇ ಇದೆ. ಆಗಸ್ಟ್ ಕೊನೇ ಹೊತ್ತಿಗೆ ಒಂಚೂರು ಹಿತ ಆಗುತ್ತೆ, ಅಷ್ಟೆ."

"ಉಪ್ಪುನೀರು ಅಲ್ಲೇನ್ರೀ? ಜಲ್ದಿ ಕಾಯಂಗಿಲ್ಲೇನು?" ಕೃಷ್ಣವೇಣಿ ಆಸೆಯಿಂದ ಕೇಳಿದಳು.

"ಇಲ್ಲ ಕಣ್ರೀ. ಉಪ್ಪಿನಿಂದ ಮೈ ಸ್ವಲ್ಪ ಸುಲಭವಾಗಿ ತೇಲುತ್ತೆ. ಚಳಿಗೇನೂ ಅದರಿಂದ ಉಪಕಾರ ಇಲ್ಲ. ಮಯೂರ್, ನಿನ್ನ ಈಜುಕೊಳದ ನೀರು ಇಪ್ಪತ್ತೆಂಟು ಡಿಗ್ರಿ. ಸಮುದ್ರ ಈಗ ಹನ್ನೆರಡು. ದಿಢೀರ್ ಅಂತ ಮುಳುಗಿದ್ರೆ ಮೈ ತಾನಾಗೇ ಉಸಿರೆಳೆಯುತ್ತೆ. ಬಾಯಿ ಮುಚ್ಚೋಣ ಅಂದ್ರೂ ಕೇಳಲ್ಲ. ಆಗ ತಲೆ ನೀರೊಳಗಿದ್ರೆ ಎಳೆಯೋದು ನೀರನ್ನೇ. ಎದೆ ಒಂದೇ ಸಮ ಹೊಡ್ಕೊಳ್ಳುತ್ತೆ. ಈಜು ಬರೋರೂ ಹೋಗಿದ್ದಾರೆ."

ವೇಣುಗೋಪಾಲರು ನಕ್ಕರು. "ಪುಸ್ತಕದ ಮಾತು ಬಿಡ್ರಿ. ಒಂದು ನಿಮಿಷದ ಸ್ನಾನಕ್ಕ ಯಾರೂ ಸಾಯಂಗಿಲ್ಲ."

ವೈದೇಹಿ ತಲೆ ತಗ್ಗಿಸಿದರು.

"ನಮ್ಮೆಜಮಾನ್ರು ಉದಯಶಂಕರ್ ಹಾಗೇ ಹೋದ್ರು. ಅವರಪ್ಪನ ಅಸ್ಥಿ ಬಿಡೋಕೆ ಇದೇ ಸಮುದ್ರಕ್ಕೆ ಇಳಿದಿದ್ರು. ಇಂಥದ್ದೇ ಬಿಸಿಲು. ಎರಡನೇ ಮುಳುಗಿಗೆ ಮೇಲೆ ಬರಲಿಲ್ಲ. ನಾನು ದಡದಲ್ಲಿ ಟವೆಲ್ ಹಿಡ್ಕೊಂಡು ನಿಂತಿದ್ದೆ. ಕರ್ಮ ಮಾಡ್ತಾ ಸತ್ರು ಅಂದ್ರೆ ಜನ ಏನಂತಾರೋ ಅಂತ ಎಲ್ಲರಿಗೂ ಮನೇಲೇ ಹಾರ್ಟ್ ಅಟ್ಯಾಕ್ ಆಯ್ತು ಅಂದ್ಬಿಟ್ಟೆ. ನಾಲ್ಕು ವರ್ಷ ಬಾಯಿ ಬಿಟ್ಟಿಲ್ಲ."

ವೇಣುಗೋಪಾಲರು ಮೆಲ್ಲಗೆ, "ಅವರ ಆಯುಷ್ಯ ಅಷ್ಟೇ ಇತ್ತೇನೋ..." ಎಂದರು.

ಕೃಷ್ಣವೇಣಿಗೆ ಒಂಬತ್ತು ದಿನದ ಸಂಕಟ ಒಮ್ಮೆಗೇ ಉಕ್ಕಿಬಂತು. ಹುಟ್ಟಿದಾಗಿನಿಂದ ಅಣ್ಣನಿಗೆ ಎದುರಾಡದವಳು ಎದ್ದು ನಿಂತಳು.

"ಸಾಕು ಮಾಡು ಅಣ್ಣಾ! ಗಂಡನ್ನ ಕಳಕೊಂಡೀನಿ. ಮಗನ್ನ ಕೊಡಂಗಿಲ್ಲ. ಅದರಿಂದ ಪಾಪ ಬಂದ್ರ ನನಗ ಬರಲಿ."

ಮರುದಿನ ಬ್ರೈಟನ್ನಿನಲ್ಲೂ ಬಿಸಿಲು ಚುರುಗುಟ್ಟುತ್ತಿತ್ತು. ದಂಡೆಯ ಕಲ್ಲುಗಳು ಬರಿಗಾಲನ್ನು ಸುಡುತ್ತಿದ್ದವು. ವೇಣುಗೋಪಾಲರು ತಂಗಿಯ ಕಡೆ ನೋಡದೆ ಪಂಚೆ ಎತ್ತಿ ಕಟ್ಟಿ ಹಿಮ್ಮಡಿ ಮುಳುಗುವಷ್ಟು ನೀರಿಗೆ ಇಳಿದರು. ಬಾಯಲ್ಲಿದ್ದ ಮಂತ್ರ ಅಲ್ಲೇ ನಿಂತಿತು. ಪಾದದ ಎಲುಬು ಹಿಂಡಿದಂತಾಗಿ ಮೂರೇ ಹೆಜ್ಜೆಗೆ ಹಿಂದೆ ಬಂದರು. ಮಯೂರನ ಮುಖವನ್ನೇ ನೋಡುತ್ತಾ ನಿಂತರು.

"ಇದರಾಗ ನಿನ್ನ ಎದಿಮಟಾ ನಿಂದರಸ್ತಿದ್ನಲ್ಲೋ, ಮಗನ," ಎಂದರು. "ಬ್ಯಾಡ. ಪ್ರೋಕ್ಷಣಿ ಮಾಡಿದ್ರೂ ಸ್ನಾನನ."

ಮಯೂರ್ ನೀರಿನಂಚಿನಲ್ಲಿ ಬಾಗಿ ಅಪ್ಪನನ್ನು ಹಿಂದೆ ಸರಿಯುವ ಅಲೆಗೆ ಒಪ್ಪಿಸಿದ. ವೇಣುಗೋಪಾಲರು ಅದೇ ನೀರನ್ನು ಅಂಗೈಯಲ್ಲಿ ಹಿಡಿದು ಅವನ ತಲೆಗೆ ಮೂರು ಸಲ ಪ್ರೋಕ್ಷಿಸಿದರು. ಕೃಷ್ಣವೇಣಿ ಮಗನ ಅಂಗಿಯ ತುದಿಯನ್ನು ಕೊನೆಯತನಕ ಬಿಡಲಿಲ್ಲ. ವೈದೇಹಿ ಜೊತೆಗೆ ಬಂದಿದ್ದರೂ ದಂಡೆಗೆ ಇಳಿಯಲಿಲ್ಲ, ಮೇಲಿನ ರಸ್ತೆಯಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ದರು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ನಿಮ್ಮ ಮನೆಯ ಹಿರಿಯರಿಗೂ ಓದಿ ಹೇಳಿ. ಇಲ್ಲಿ ಮೈಗೆ ಬಿಸಿಲು ತಾಗಿತೆಂದು ಸಮುದ್ರ ಕಾದಿದೆ ಅಂದುಕೊಳ್ಳಬೇಡಿ. ಅಮಾವಾಸ್ಯೆಯ ಸ್ನಾನವಿರಲಿ, ಅಸ್ಥಿ ಬಿಡುವುದಿರಲಿ, ನೀರಿನಂಚಿನಲ್ಲೇ ಪ್ರೋಕ್ಷಣೆ ಮಾಡಿಕೊಳ್ಳಿ. ಅಕಸ್ಮಾತ್ ನೀರಿಗೆ ಬಿದ್ದರೆ ಕೈಕಾಲು ಬಡಿಯಬೇಡಿ, ಉಸಿರು ಹತೋಟಿಗೆ ಬರುವವರೆಗೆ ಅಂಗಾತ ತೇಲಿ. ಬೇರೆಯವರು ಬಿದ್ದರೆ ಹಿಂದೆ ಹಾರಬೇಡಿ, ಇಲ್ಲಿನ ತುರ್ತು ನಂಬರ್ ೯೯೯ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಕೇಳಿ. ನಾಚಿಕೆಯಿಂದ ಯಾವ ಸಾವನ್ನೂ ಮುಚ್ಚಿಡಬೇಡಿ. ಹೋದವರಿಗೆ ನೀರು ಬಿಡುವುದಕ್ಕಾದರೂ ಉಳಿದವರು ಉಳಿಯಬೇಕು.