ಗುಂಡಿ ಹಾಕಲು ಕಲಿಸಿದವಳು

ದಿಕ್ಕಿಲ್ಲದ ಮಕ್ಕಳು ಯಾರ ಆಸರೆಯಲ್ಲಿ ಬೆಳೆಯಬೇಕೆಂದು ತೀರ್ಮಾನಿಸುವ ಬಡಾವಣೆಯ ಸಮಿತಿ ಆಗೆಲ್ಲ ಸೇರುತ್ತಿದ್ದುದು ಗ್ರಂಥಾಲಯದ ಮಹಡಿಯಲ್ಲಿ. ಇದ್ದವರು ಮೂವರೇ: ನಿವೃತ್ತ ಮೇಷ್ಟ್ರು, ಬಸ್ ಡ್ರೈವರು, ಟೈಲರಮ್ಮ. ಕಾಲು ಕುಂಟುವ ಕುರ್ಚಿ ಯಾವಾಗಲೂ ಡ್ರೈವರನ ಪಾಲಿಗೆ. "ನನ್ನ ಬಸ್ಸೂ ಹೀಗೇ ಅಲ್ಲಾಡೋದು, ಅಭ್ಯಾಸ ಆಗ್ಬಿಟ್ಟಿದೆ" ಎಂದು ನಗಿಸುತ್ತಿದ್ದ. ಕಣ್ಣು ಮಂಜಾಗಿ ಹೊಲಿಗೆ ಬಿಟ್ಟಿರುವ ಟೈಲರಮ್ಮನಿಗೆ ಈಗಲೂ ಆ ಕೋಣೆ ನೆನಪಾದರೆ, ಆ ನಗುವಿನ ಬೆನ್ನಿಗೇ ಒಂದು ಮಧ್ಯಾಹ್ನ ಬಂದು ನಿಲ್ಲುತ್ತದೆ.

ತಾಯಿ ತೀರಿಕೊಂಡು, ತಂದೆ ಹೇಳದೆ ಕೇಳದೆ ಹೊರಟುಹೋದ ಮೇಲೆ ಅಕ್ಕ, ತಮ್ಮ ಇಬ್ಬರೂ ಸಮಿತಿಯ ಮುಂದೆ ಬಂದಿದ್ದರು. ಪುಟ್ಟ ತಮ್ಮನನ್ನು ಮಗನಂತೆ ಸಾಕಲು ಒಂದು ಒಳ್ಳೆಯ ಮನೆ ಒಪ್ಪಿತ್ತು. ಇಬ್ಬರನ್ನೂ ಸಾಕುವ ಶಕ್ತಿ ಆ ಮನೆಗಿರಲಿಲ್ಲ; ಅಕ್ಕನಿಗೆ ಮಕ್ಕಳ ನಿಲಯವೇ ಗತಿಯಾಗಿತ್ತು. ಮೇಷ್ಟ್ರು ಹುಡುಗಿಯನ್ನು ಕರೆದು, "ತಮ್ಮಂಗೆ ನೀನೇ ಸಮಾಧಾನ ಹೇಳಮ್ಮ, ಜಾಣೆ ನೀನು" ಎಂದರು. ಅವಳು ತಲೆಯಾಡಿಸಿದಳು. ಸದ್ಯ, ಒಪ್ಪಿದಳಲ್ಲ ಎಂದು ಮೂವರೂ ಉಸಿರು ಬಿಟ್ಟರು.

ನೀರು ಕುಡಿಯಲೆಂದು ಟೈಲರಮ್ಮ ಹೊರಗೆ ಬಂದಾಗ, ಮೆಟ್ಟಿಲ ಮೇಲೆ ಆ ಹುಡುಗಿ ತಮ್ಮನ ಅಂಗಿಯ ಗುಂಡಿಗಳನ್ನೆಲ್ಲ ಬಿಚ್ಚುತ್ತಿದ್ದಳು.

"ಮತ್ತೆ ಹಾಕೋ."

"ನೀನೇ ಹಾಕೇ ಅಕ್ಕಾ, ಬೆರಳು ನೋಯ್ತದೆ."

"ನಾಳೆಯಿಂದ ನಿಮ್ಮಜ್ಜ ಬಂದು ಹಾಕ್ತಾನಾ? ಕೆಳಗಿಂದ ಶುರು ಮಾಡು, ತಪ್ಪಾಗಲ್ಲ. ಹಾಸಿಗೆ ಒದ್ದೆ ಮಾಡ್ಕೊಂಡ್ರೆ ಆ ಮನೆ ಅಮ್ಮಂಗೆ ಹೇಳ್ಬಿಡು, ಮುಚ್ಚಿಡ್ಬೇಡ."

"ನೀನೆಲ್ಲಿರ್ತೀಯ?"

ಹುಡುಗಿ, ಅವನು ಹಾಕಿದ ಗುಂಡಿಗಳನ್ನು ಮತ್ತೆ ಬಿಚ್ಚಿದಳು.

ಟೈಲರಮ್ಮ ನೀರು ಕುಡಿಯದೆ ಒಳಗೆ ಬಂದು, ಕಂಡದ್ದನ್ನು ಹೇಳಿದಳು. "ನಾನು ಒಪ್ಪಲ್ಲ ಮೇಷ್ಟ್ರೇ. ಇಬ್ರನ್ನೂ ಕರ್ಕೊಳ್ಳೋರು ಸಿಗೋವರೆಗೂ ಕಾಯೋಣ."

"ಸಿಗದೇ ಹೋದ್ರೆ?" ಡ್ರೈವರನ ದನಿ ಏರಿತು. "ಕೈಗೆ ಬಂದ ಮನೆ ತಪ್ಪಿಸಿದ ಪಾಪ ನಮ್ಮ ತಲೆಗೇ ಅಕ್ಕಾ."

"ಬರ್ಲಿ ಬಿಡಪ್ಪಾ, ಹೊರ್ತೀನಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಸಮಾಧಾನ ಹೇಳು ಅಂದ್ಬಿಟ್ಟೆ. ಆ ಹೆಣ್ಮಗೂಗೆ ಯಾರು ಹೇಳ್ಬೇಕಿತ್ತು?" ಎಂದವರೇ, ಕಾಯೋಣವೆಂದರು.

ಆ ಒಳ್ಳೆಯ ಮನೆಗೆ ಬೇರೊಂದು ಮಗು ಹೋಯಿತು. ಇಬ್ಬರನ್ನೂ ಕೇಳಿಕೊಂಡು ಕೊನೆಗೂ ಯಾರೂ ಬರಲಿಲ್ಲ. ಇಬ್ಬರೂ ಒಟ್ಟಿಗೆ ಮಕ್ಕಳ ನಿಲಯದಲ್ಲೇ ಬೆಳೆದರು. ಡ್ರೈವರು ರಜೆಯ ದಿನ ಇಬ್ಬರನ್ನೂ ಟೈಲರಮ್ಮನ ಅಂಗಡಿಗೆ ಕರೆತರುತ್ತಿದ್ದ. ಬಟ್ಟೆ ಚೂರುಗಳ ರಾಶಿಯ ಮೇಲೆ ಅಕ್ಕ, ತಮ್ಮ ಇಬ್ಬರೂ ಜುಟ್ಟು ಹಿಡಿದು ಕಿತ್ತಾಡುತ್ತಿದ್ದರು. ಪಕ್ಕದ ಅಂಗಡಿಯವನು ಇಣುಕಿ, "ಏನಮ್ಮಾ ಇದು ರಂಪ? ಬಿಡಿಸಬಾರ್ದಾ?" ಎನ್ನುತ್ತಿದ್ದ.

ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಆ ಗದ್ದಲವನ್ನೇ ಕೇಳುತ್ತಿದ್ದಳು.

"ಆಡ್ಲಿ ಬಿಡಪ್ಪಾ. ಜಗಳ ಆಡೋಕಾದ್ರೂ ಒಬ್ರಿಗೊಬ್ರು ಇದಾರಲ್ಲ."