ಆಸ್ಪತ್ರೆ ವೃತ್ತದ ಹಳದಿ ದೀಪ

ನಮ್ಮ ಚಿಕ್ಕಪ್ಪ ಮನೆಯೊಳಗಿನ ಬಾಗಿಲುಗಳನ್ನು ದಾಟುವಾಗಲೂ ಹೊಸ್ತಿಲ ಬಳಿ ನಿಂತು, ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡಿ, ಆಮೇಲೆ ಕಾಲಿಡುತ್ತಿದ್ದರು. ಮೂವತ್ತೊಂದು ವರ್ಷ ನಗರದ ಸಿಗ್ನಲ್ ದೀಪಗಳನ್ನು ರಿಪೇರಿ ಮಾಡಿದ ದೇಹಕ್ಕೆ ಅಂಟಿಕೊಂಡ ವ್ರತ ಅದು. "ಅಡುಗೆಮನೆಗೆ ಬರೋಕೂ ಇವರಿಗೆ ಹಸಿರು ದೀಪ ಬೇಕು" ಎಂದು ಚಿಕ್ಕಮ್ಮ ನಗುತ್ತಿದ್ದರು. ನಿವೃತ್ತರಾದ ಮೇಲೂ ಕಳಚದ ಖಾಕಿ ಕೋಟಿನ ಜೇಬುಗಳು ಸ್ಕ್ರೂ, ನಟ್ಟು, ತಂತಿ ತುಂಡುಗಳ ಭಾರಕ್ಕೆ ಜೋಲುತ್ತಿದ್ದವು. ಅವರು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು.

ನಿವೃತ್ತಿಯ ಮರುವಾರ ಊಟದ ಮೇಜಿನ ಮೇಲೆ ಒಂದು ಪುಟ್ಟ ನಗರ ತಲೆಯೆತ್ತಿತು. ವರ್ಷದೊಳಗೆ ಅದು ನಡುಮನೆಯನ್ನೆಲ್ಲ ಆಕ್ರಮಿಸಿತು. ನಮ್ಮ ಊರಿನದೇ ರಸ್ತೆಗಳು, ಬೆರಳುದ್ದದ ಸಿಗ್ನಲ್ ಕಂಬಗಳು, ಮುನ್ನೂರ ನಲವತ್ತು ಆಟಿಕೆ ವಾಹನಗಳು. ಹಲಗೆಯಡಿ ಓಡುವ ಚೈನಿನ ಕೊಂಡಿಗಳು ಅವುಗಳನ್ನು ಎಳೆಯುತ್ತಿದ್ದವು. ಹಳದಿ ದೀಪ ಬಂದೊಡನೆ ಕೊಂಡಿ ಕಳಚಿ, ಪ್ರತಿಯೊಂದೂ ತನ್ನ ತೂಕಕ್ಕೆ ತಕ್ಕಂತೆ ಉರುಳಿ ನಿಲ್ಲುತ್ತಿತ್ತು. ನಿಜವಾದ ರಸ್ತೆ ಎಲ್ಲಿ ಇಳಿಜಾರೋ ಅಲ್ಲಿ ಹಲಗೆಯೂ ಇಳಿಜಾರು. ಲಾರಿಗಳೊಳಗೆ ನಟ್ಟುಗಳ ಹೇರು. ಚಿಕ್ಕಮ್ಮ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಉಣ್ಣುವುದನ್ನು ಕಲಿತರು.

ಒಂದು ದಿನ ಆಸ್ಪತ್ರೆ ವೃತ್ತದ ಇಳಿಜಾರಿನಲ್ಲಿ ಬಂದ ಪುಟ್ಟ ಲಾರಿ ನಿಲ್ಲದೆ ಅಡ್ಡರಸ್ತೆಯ ಕಾರಿಗೆ ಬಡಿಯಿತು. ಚಿಕ್ಕಪ್ಪ ಯಂತ್ರದ ದೋಷವೆಂದು ಎರಡು ತಿಂಗಳು ಎಲ್ಲವನ್ನೂ ಬಿಚ್ಚಿ ಜೋಡಿಸಿದರು. ಆಮೇಲೂ ಅದೇ ಜಾಗ, ಅದೇ ಹೊಡೆತ. ಅವರಿಗೆ ಮಾತು ಕಡಿಮೆಯಾಯಿತು, ಊಟ ಸೇರದಾಯಿತು. ಕಲಾ ಪ್ರದರ್ಶನದವರು ಮೂರು ಸಲ ಕರೆದರೂ ಒಲ್ಲೆನೆಂದಿದ್ದವರು, ಈ ಸಲ ತಮ್ಮ ಹಳೆಯ ಕಚೇರಿಯ ಮುಖ್ಯ ಇಂಜಿನಿಯರೇ ಉದ್ಘಾಟನೆಗೆ ಬರುತ್ತಾರೆಂದು ಕೇಳಿ, ತಾವಾಗಿಯೇ ನಗರವನ್ನು ನಾಲ್ಕು ತುಂಡು ಮಾಡಿ ಹೊರಿಸಿದರು.

ಸಭಾಂಗಣದಲ್ಲಿ ಲಾರಿ ಬಂತು, ಬಡಿಯಿತು. ಆಮೇಲೆ ಚಪ್ಪಾಳೆ. ಮೊದಲು ತಟ್ಟಿದವನು ನಾನು. ಇದನ್ನು ಹೇಳದೆ ಬಿಡಲಾರೆ.

"ಎಂಥ ಕಲ್ಪನೆ ನಿಮ್ದು" ಎಂದರು ಇಂಜಿನಿಯರು.

"ಕಲ್ಪನೆ ಅಲ್ಲ ಸಾರ್, ಆಸ್ಪತ್ರೆ ಸರ್ಕಲ್ಲು. ಹನ್ನೊಂದು ವರ್ಷದ ಹಿಂದೆ ಹಳದಿಗೆ ಮೂರು ಸೆಕೆಂಡು ಇಟ್ಟವನು ನಾನೇ. ರಜಾ ದಿನ, ಖಾಲಿ ರೋಡಲ್ಲಿ ಅಳತೆ ತಗೊಂಡಿದ್ದೆ. ಲೋಡು ಲಾರಿ ನಿಲ್ಲೋಕೆ ಐದು ಬೇಕು. ಅಲ್ಲಿ ಏಳು ಜನ ಹೋದ್ರು, ಪ್ರತಿ ಸಲವೂ ಡ್ರೈವರ್ ತಪ್ಪು ಅಂತ ಬರ್ಕೊಂಡ್ರಿ. ಈ ಲಾರಿ ನೋಡಿ ಗೊತ್ತಾದ್ಮೇಲೆ ನಾನು ಎರಡು ಕಾಗದ ಹಾಕಿದೆ. ನೀವು ಓದ್ಲಿಲ್ಲ."

ಚಪ್ಪಾಳೆ ತಟ್ಟಿದ್ದ ಕೈಗಳನ್ನು ನಾನು ಬೆನ್ನ ಹಿಂದೆ ಸರಿಸಿದೆ. ಚಿಕ್ಕಮ್ಮ ಪಕ್ಕದ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅವರಿಗೂ ಈ ಮಾತು ಹೊಸದು. ಇಂಜಿನಿಯರು ಮಾತ್ರ ಗಹಗಹಿಸಿ ನಕ್ಕು, "ಕಲಾವಿದರು ಅಂದ್ರೆ ಹೀಗೇ, ಎಲ್ಲದಕ್ಕೂ ಒಂದು ಕತೆ ಕಟ್ಟಿಬಿಡ್ತಾರೆ" ಎಂದು ಬೆನ್ನು ತಟ್ಟಿದರು. ಮೊದಲ ಬಹುಮಾನ ಚಿಕ್ಕಪ್ಪನಿಗೇ ಬಂತು.

ಮಾರನೆಯ ದಿನ ಹಾಡುಹಗಲಲ್ಲಿ ಚಿಕ್ಕಪ್ಪ ಕಚೇರಿಗೆ ಹಿಂದಿರುಗಿಸದ ಹಳೆಯ ಕೀಲಿಯಿಂದ ಆ ವೃತ್ತದ ಸಿಗ್ನಲ್ ಪೆಟ್ಟಿಗೆಯನ್ನು ತೆರೆದು, ಮೂರನ್ನು ಐದು ಮಾಡಿದರು. ಪೆಟ್ಟಿಗೆ ಮುಚ್ಚಿದ ಮೇಲೂ ಮನೆಗೆ ಹೋಗದೆ, ಲಾರಿಗಳು ನಿಲ್ಲುವುದನ್ನು ನೋಡುತ್ತ ಅಲ್ಲೇ ನಿಂತಿದ್ದವರನ್ನು ಪೊಲೀಸರು ಹಿಡಿದರು. ಸಾರ್ವಜನಿಕರ ಪ್ರಾಣಕ್ಕೆ ಅಪಾಯ ತಂದರೆಂಬುದು ಅವರ ಮೇಲಿನ ಆರೋಪ! ನಾನು ಏದುಸಿರು ಬಿಡುತ್ತ ಠಾಣೆಗೆ ಹೋದಾಗ ಬೆಂಚಿನ ತುದಿಯಲ್ಲಿ ಕೂತಿದ್ದ ಚಿಕ್ಕಪ್ಪ ತಲೆಯೆತ್ತಿ, "ಇಪ್ಪತ್ತು ನಿಮಿಷ ಐದಿತ್ತು ಕಣೋ" ಎಂದರು. ಅಷ್ಟರೊಳಗೇ ಕಚೇರಿಯವರು ಅದನ್ನು ಮತ್ತೆ ಮೂರಕ್ಕೆ ಇಳಿಸಿದ್ದರು.

ತಪ್ಪು ಮಾಡುವವರು ನಾವೆಲ್ಲ. ಅದನ್ನು ಮುಚ್ಚಿಡುವ ಜಾಣರಿಗೂ ಬರವಿಲ್ಲ. ಯಾರೂ ಬೆರಳು ತೋರಿಸದಿದ್ದರೂ ತನ್ನ ಪ್ರಮಾದವನ್ನು ತಾನೇ ಕಂಡುಹಿಡಿದು, ಚಕ್ರಸಮೇತ ಹೊತ್ತು ತಂದು ನಾಲ್ಕು ಜನರೆದುರು ಓಡಿಸಿ ತೋರಿಸುವವರು ಎಲ್ಲೋ ಒಬ್ಬರು. ಅಂಥವರಿಗೆ ಏನು ಮಾಡಬೇಕೆಂದೇ ನಮಗೆ ತಿಳಿಯುವುದಿಲ್ಲ. ಬಹುಮಾನ ಕೊಡುತ್ತೇವೆ, ಬೇಡಿ ಹಾಕುತ್ತೇವೆ. ಅವರು ಬೇಡುವ ಎರಡು ಸೆಕೆಂಡನ್ನು ಮಾತ್ರ ಕೊಡುವುದಿಲ್ಲ.