ಮೂರು ಬಾಯಿಯ ಫ್ಲಾಸ್ಕ್

ಬ್ರೆಜಿಲ್ಲಿಗೇ ತಂತ್ರಜ್ಞಾನದ ರಾಜಧಾನಿ ಎಂದು ಬೀಗುವ ನಮ್ಮ ಸಾವೊ ಕಾರ್ಲೊಸ್‌ನಲ್ಲಿ, ಬಸ್ಸಿನಲ್ಲಿ ಯಾರ ಕಾಲು ತುಳಿದರೂ ಅದು ಡಾಕ್ಟರೇಟ್ ಆದವರ ಕಾಲೇ. ನಾನು ಮಾತ್ರ ಮೂವತ್ತು ವರ್ಷದಿಂದ ವಿಶ್ವವಿದ್ಯಾಲಯದ ಪ್ರಯೋಗಾಲಯಗಳಿಗೆ ಗಾಜು ಊದಿ ಫ್ಲಾಸ್ಕ್ ಮಾಡಿಕೊಡುವವಳು.

ಊರಿನ ಪರಿಚಯ ಪುಸ್ತಕಕ್ಕೆ ಫೋಟೊ ತೆಗೆಯಲು ಒಬ್ಬ, ನಮ್ಮ ಪ್ರೊಫೆಸರ್ ಡಾಕ್ಟರ್ ಎವಾಂದ್ರೊ ಜೊತೆ ನನ್ನ ಕೆಲಸದ ಕೋಣೆಗೆ ಬಂದ. ನಾನು ಮಾಡಿದ ಮೂರು ಬಾಯಿಯ ಫ್ಲಾಸ್ಕ್ ಅವನ ಕಣ್ಣಿಗೆ ಬಿತ್ತು.

“ದೋನಾ ಇವೊನೆಚಿ, ಸ್ವಲ್ಪ ಆಚೆ ಸರೀರಿ. ಅದು ಡಾಕ್ಟರ್ ಕೈಯಲ್ಲಿರ್ಲಿ. ಅವರೇ ಮಾಡಿದ್ದು ಅಂತ ಹಾಕ್ತೀವಿ.”

ಪ್ರೊಫೆಸರ್ ಎವಾಂದ್ರೊ ಬಿಳಿ ಕೋಟು ಸರಿಮಾಡಿಕೊಂಡು ಕೈ ಚಾಚಿಯೇಬಿಟ್ಟರು. ನಾನು ಫ್ಲಾಸ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಚಾಚಿದ ಕೈಗೆ ಗಾಜಿನ ಕೊಳವೆ ಕೊಟ್ಟು, ಬರ್ನರ್ ಹೊತ್ತಿಸಿದೆ.

“ಊದಿ ಡಾಕ್ಟ್ರೇ. ನಾವು ಕಾಯ್ತೀವಿ.”